ಕಂಬಳಿ ನೆನಪೇ ಇರಲಿಲ್ಲ

ಅರಸೀಕೆರೆ ಹತ್ತಿರದ ಅಜ್ಜಿ ಊರಿನಲ್ಲಿ ಬೇಸಿಗೆ ರಜೆ ಅಂದರೆ ಟೆಂಟು ಸಿನಿಮಾ. ಮೈಕಿನಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಕೇಳಿಸಿತೋ, ಆಟ ಶುರುವಾಗುವ ಹೊತ್ತಾಯಿತು ಅಂತ ಲೆಕ್ಕ. ತಟ್ಟೆಯಲ್ಲಿದ್ದ ಮುದ್ದೆ ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆವು. ನಮ್ಮದು ನೆಲದ ಟಿಕೆಟ್ಟು. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಮುಂದಿನವರ ತಲೆ ಅಡ್ಡ ಬರುತ್ತಿರಲಿಲ್ಲ. ಹಿಂದೆ ಕೂತವರು ಬೈಯುತ್ತಿದ್ದರು, ಅದು ಬೇರೆ ಮಾತು.

ಹೋದ ಬೇಸಿಗೆಯಲ್ಲಿ ಆ ಸಿನಿಮಾಗಳನ್ನೇ ಒಂದೊಂದಾಗಿ ಮತ್ತೆ ನೋಡಿದೆ. ಜೊತೆಗೆ 11 ವರ್ಷದ ಮಗಳು, 72ರ ಅಮ್ಮ. ಮೊದಲ ಸಲ ಎಲ್ಲ ಎಡವಟ್ಟಾಯಿತು. ಮೊಬೈಲಿನಲ್ಲಿ ಹಾಕಿದೆ, ಹಾಡು ಬಂದಾಗ ಮಗಳು ಓಡಿಸಿದಳು, ಫೈಟು ಬಂದಾಗ ಅಮ್ಮ ಓಡಿಸು ಅಂದರು, 40 ನಿಮಿಷದಲ್ಲಿ ಇಡೀ ಸಿನಿಮಾ ಮುಗಿದೇಹೋಯಿತು. ಆಮೇಲೆ ದೊಡ್ಡ ಟಿ.ವಿ., ರಿಮೋಟು ನನ್ನ ಮಡಿಲಲ್ಲಿ, ನಡುವೆ ಕಡಲೆಕಾಯಿ ತಿನ್ನಲು ಇಂಟರ್‌ವಲ್ಲು. ಚಿತ್ರ ಅಡ್ಡಡ್ಡ ಹಿಗ್ಗಿ ಎಲ್ಲರೂ ದಪ್ಪ ಕಂಡರೆ ಟಿ.ವಿ. ಸೆಟ್ಟಿಂಗಿನಲ್ಲಿ ಅಳತೆ ಸರಿಮಾಡಿಕೊಂಡೇ ಮುಂದಕ್ಕೆ. ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ನೋಟ್‌ಬುಕ್ಕು. ಸಿನಿಮಾ ಹಾಕುವ ಮೊದಲು, ಅದರಲ್ಲಿ ನನಗೆ ನೆನಪಿರುವುದನ್ನೆಲ್ಲ ಬರೆದಿಡುವುದು. ನೋಡಿದ ಮೇಲೆ ತಿದ್ದುವಂತಿಲ್ಲ.

'ಬಭ್ರುವಾಹನ'ಕ್ಕೆ ಒಂದೂವರೆ ಪುಟ ಬರೆದೆ. 1977ರ ಸಿನಿಮಾ, ನಮ್ಮೂರಿನ ಟೆಂಟಿಗೆ ಬರುವ ಹೊತ್ತಿಗೆ ಹತ್ತು ವರ್ಷ ಹಳತಾಗಿತ್ತು. ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಅಪ್ಪ ಮಗ ಎದುರಾಬದುರಾ ನಿಂತು ಹಾಡಿನಲ್ಲೇ ಹೀಯಾಳಿಸಿಕೊಳ್ಳುವುದು, ಬಾಣ, ಬೆಂಕಿ, ಅರ್ಜುನ ಬೀಳುವುದು, ಟೆಂಟಿನ ಸಿಳ್ಳೆ, ಎಲ್ಲ ಬರೆದಿದ್ದೆ. ಚಿತ್ರಾಂಗದೆಗೆ ಸಿಕ್ಕಿದ್ದು ಒಂದೇ ಸಾಲು: 'ತಾಯಿ. ಅಳುತ್ತಾಳೆ.'

ಈಗ ನೋಡಿದರೆ ಹಾಡು ಅಂದಿಗಿಂತ ಚೆನ್ನಾಗಿದೆ. ನಟ ಒಬ್ಬರೇ, ಆದರೆ ದನಿ ಎರಡು: ಒಂದು ರಾಜ್‌ಕುಮಾರ್ ಅವರದೇ, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದು. ಚಿಕ್ಕವಳಿದ್ದಾಗ ಇಬ್ಬರು ರಾಜ್‌ಕುಮಾರ್ ಇದ್ದಾರೆ ಅಂತಲೇ ನಂಬಿದ್ದೆ. ಹಾಗೆ ನಂಬಿಸಿದ್ದು ಕ್ಯಾಮೆರಾ ಒಂದೇ ಅಲ್ಲ, ಈ ದನಿಗಳೂ ಹೌದು. ಆದರೆ ನನ್ನ ಕಣ್ಣು ಯುದ್ಧದ ಮೇಲೆ ನಿಲ್ಲಲಿಲ್ಲ. ಚಿತ್ರಾಂಗದೆಯನ್ನು ಗಂಡ ಬಿಟ್ಟುಹೋಗಿ ಮಗ ಬೆಳೆದು ನಿಂತಿದ್ದಾನೆ. ಯಾಗದ ಕುದುರೆಯ ಹಿಂದೆ ಬಂದ ಅದೇ ಗಂಡ, ಕಾಣಿಕೆ ಹಿಡಿದು ಬಂದ ಮಗನೆದುರು ಅವಳ ನಡತೆಯ ಮಾತೆತ್ತುತ್ತಾನೆ. ಅವನು ಮರೆತದ್ದಕ್ಕೆ ಇವಳು ಸಾಕ್ಷಿ ಕೊಡಬೇಕು! ಬಿ. ಸರೋಜಾದೇವಿ ಅಳುವುದೇನೋ ನಿಜ. ಅದಕ್ಕೆ ಮೊದಲು ಎಷ್ಟು ಹೊತ್ತು ಅಳದೆ ಇರುತ್ತಾರೆ ಅನ್ನುವುದು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

"ಅಮ್ಮಾ, ಅವನು ಇವಳಿಗೆ ಸಾರಿ ಹೇಳ್ತಾನಾ?" ಅಂತ ಮಗಳು ಕೇಳಿದಳು.

"ಮೊದ್ಲು ಬದುಕಿಸ್ಬೇಕಲ್ಲೇ ಅವನನ್ನ" ಅಂದರು ನಮ್ಮಮ್ಮ, ಕಡಲೆಕಾಯಿ ಸಿಪ್ಪೆ ಒಟ್ಟುಮಾಡುತ್ತ.

ಎಲ್ಲ ಸಿನಿಮಾಗಳೂ ಹೀಗೆ ಹೊಸದಾಗಿ ಕೈಹಿಡಿಯಲಿಲ್ಲ. ರಜೆಯಲ್ಲಿ ನಾವು ಬಿದ್ದು ಬಿದ್ದು ನಕ್ಕಿದ್ದ ಒಂದು ಹಾಸ್ಯ ಚಿತ್ರವಿತ್ತು, ಹೆಸರು ಬೇಡ. ಗಂಡ ಹೆಂಡತಿಯ ಕೆನ್ನೆಗೆ ಬಾರಿಸಿದಾಗ ಸುತ್ತ ಇದ್ದವರೆಲ್ಲ ನಗುತ್ತಾರೆ. ಮಗಳು ನನ್ನ ಮುಖ ನೋಡಿದಳು. ಇಂಟರ್‌ವಲ್ ಆದಮೇಲೆ ಮುಂದಕ್ಕೆ ಹಾಕಲಿಲ್ಲ.

'ಬೆಟ್ಟದ ಹೂವು' ಕೊನೆಗೆ ಇಟ್ಟುಕೊಂಡಿದ್ದೆ. 1985ರದು, ಪುನೀತ್ ಅವರಿಗೆ ರಾಷ್ಟ್ರೀಯ ಬಾಲನಟ ಪ್ರಶಸ್ತಿ ತಂದ ಚಿತ್ರ. ಬಡವರ ಮನೆ ಹುಡುಗ ರಾಮುವಿಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಬೇಕು. ಕಾಡಿನಲ್ಲಿ ಆರ್ಕಿಡ್ ಹೂ ಹುಡುಕಿ ತಂದು ಷರ್ಲಿ ಮೇಡಂಗೆ ಕೊಟ್ಟು ಕಾಸು ಕೂಡಿಡುತ್ತಾನೆ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ನಂತರ ಅಮ್ಮ ಈ ಸಿನಿಮಾ ಬಂದರೆ ಚಾನೆಲ್ ಬದಲಿಸುತ್ತಿದ್ದರು. ಆವತ್ತು ಮಾತ್ರ ಕೂತರು.

ನನ್ನ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿತ್ತು: 'ಕೊನೆಗೆ ಹುಡುಗ ಪುಸ್ತಕ ಕೊಳ್ಳುತ್ತಾನೆ.' ಎಳ್ಳಷ್ಟೂ ಅನುಮಾನ ಇರಲಿಲ್ಲ. ಅಂಗಡಿಯಿಂದ ಪುಸ್ತಕ ಎದೆಗವುಚಿಕೊಂಡು ಅವನು ಓಡುವುದು ಕೂಡ ನನ್ನ ಕಣ್ಣಲ್ಲಿತ್ತು.

ಹಾಗೇನೂ ಆಗುವುದಿಲ್ಲ. ಕೂಡಿಟ್ಟ ದುಡ್ಡು ಮನೆಯವರ ಕಂಬಳಿಗೆ ಹೋಗುತ್ತದೆ. ಆ ಓಟವನ್ನು ಯಾವಾಗ, ಹೇಗೆ ಸೇರಿಸಿಕೊಂಡೆನೋ. ಆಗ ನಾನೂ ಪುಸ್ತಕಕ್ಕೆ ಆಸೆಪಡುವ ವಯಸ್ಸಿನವಳು, ಕಂಬಳಿ ಸಾಲದ ಮನೆ ನಮ್ಮದಲ್ಲ. ಹಾಗಾಗಿ ನ್ಯಾಯ ನನಗೆ ಬೇಕಾದ ಹಾಗೆ ಆಯಿತು ಅಂತ ಕಾಣುತ್ತೆ. ಇನ್ನೂ ನಾಚಿಕೆಯ ವಿಷಯ ಅಂದರೆ, ಅದೇ ಪುಸ್ತಕ ಇಪ್ಪತ್ತು ವರ್ಷದಿಂದ ನನ್ನ ಕಪಾಟಿನಲ್ಲಿದೆ. ಅಯೋಧ್ಯಾ ಸಂಪುಟ ದಾಟಿಲ್ಲ.

"ಅವತ್ತು ಮನೆಗೆ ಬಂದು ಪುಸ್ತಕ ಸಿಕ್ತು ಅಂತ ಕುಣಿದಿದ್ದೆ ನೀನು" ಅಂದರು ಅಮ್ಮ.

"ನೀವ್ಯಾಕೆ ಹೇಳ್ಲಿಲ್ಲ ಮತ್ತೆ?"

"ಖುಷಿಯಾಗಿದ್ದೆಯಲ್ಲ."

ದಸರಾ ರಜೆಗೆ 'ಗಂಧದ ಗುಡಿ' ಅಂತ ಗೊತ್ತುಮಾಡಿದ್ದೇವೆ. ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಿಟ್ಟಿದ್ದೇನೆ: ಜೀಪು, ಆನೆ, ಕಾಡು. ಎಷ್ಟು ತಿಣುಕಿದರೂ ನಾಲ್ಕನೆಯದು ಬರುತ್ತಿಲ್ಲ.