ದೇಹದ ಭಂಗಿಯಲ್ಲಿ ಭಾವ ಮೂಡಿಸುವುದು ಹೇಗೆ?

ಅಳುವ ವ್ಯಕ್ತಿಯ ಚಿತ್ರ ಬರೆಯಿರಿ ಎಂದರೆ ಹೆಚ್ಚಿನವರು ಮೊದಲು ಮುಖ ಬರೆದು, ಕಣ್ಣೀರಿಳಿಸಿ, ಅದರ ಕೆಳಗೆ ನೆಟ್ಟಗೆ ನಿಂತ ದೇಹವೊಂದನ್ನು ಜೋಡಿಸುತ್ತಾರೆ. ಅಂಥ ಚಿತ್ರದ ಮುಖವನ್ನು ಅಂಗೈಯಿಂದ ಮುಚ್ಚಿದರೆ ಅಳು ಅಲ್ಲಿಗೇ ಮಾಯವಾಗುತ್ತದೆ. ಡಚ್ ಚಿತ್ರಕಾರ ವ್ಯಾನ್ ಗೋ 1882ರಲ್ಲಿ ಬರೆದ ‘ದುಃಖ’ ಎಂಬ ಚಿತ್ರದಲ್ಲಿ ಕುಳಿತ ಹೆಂಗಸಿನ ಮುಖ ತೋಳುಗಳಲ್ಲಿ ಹುದುಗಿದ್ದರೂ ಬಾಗಿದ ಬೆನ್ನು ಅವಳ ಸಂಕಟವನ್ನು ತೋರಿಸುತ್ತದೆ.

ಇದ್ದಿಲು ಕಡ್ಡಿ ಮತ್ತು ಅಗ್ಗದ ದೊಡ್ಡ ಹಾಳೆಗಳಿದ್ದರೆ ಸಾಕು, ರಬ್ಬರನ್ನು ದೂರವಿಡಿ. ಭಂಗಿ ನೋಡಿ ಬರೆಯಲೆಂದು ಮಾರುವ ಮರದ ಕೀಲುಗೊಂಬೆಯನ್ನಂತೂ ಕೊಳ್ಳಲೇಬೇಡಿ, ಏಕೆಂದರೆ ಅದರ ಬೆನ್ನು ಬಾಗುವುದಿಲ್ಲ. ರೂಪದರ್ಶಿ ಸಿಗದಿದ್ದರೆ ಕನ್ನಡಿಯ ಮುಂದೆ ನೀವೇ ಆ ಭಂಗಿಯಲ್ಲಿ ನಿಂತು, ಭಾರ ಯಾವ ಪಾದದ ಮೇಲೆ ಬೀಳುತ್ತಿದೆ ಎಂಬುದನ್ನು ಗಮನಿಸಿ.

ಎಲ್ಲರೂ ಎಡವುವುದು ಮೊದಲ ಮೂವತ್ತು ಸೆಕೆಂಡುಗಳಲ್ಲಿ. ನೆತ್ತಿಯಿಂದ ಹೊರಟು ಕುತ್ತಿಗೆ, ಬೆನ್ನುಮೂಳೆಗಳ ಮೂಲಕ ಭಾರ ಹೊತ್ತ ಪಾದದವರೆಗೆ ಒಂದೇ ಗೆರೆ ಎಳೆಯಬೇಕು. ಮಣಿಕಟ್ಟಿನಿಂದ ಎಳೆದ ಗೆರೆ ತುಂಡುತುಂಡಾಗುವುದರಿಂದ ಇಡೀ ತೋಳನ್ನು ಭುಜದಿಂದಲೇ ಆಡಿಸಬೇಕು. ಅನಂತರ ಭುಜಗಳ ಮತ್ತು ಸೊಂಟದ ಓರೆಯನ್ನು ಗುರುತಿಸಿ. ಒಂದೇ ಕಾಲಿನ ಮೇಲೆ ಆರಾಮವಾಗಿ ನಿಂತಾಗ ಆ ಬದಿಯ ಸೊಂಟ ಮೇಲೇಳುತ್ತದೆ, ಅದೇ ಬದಿಯ ಭುಜ ಸಾಮಾನ್ಯವಾಗಿ ಇಳಿಯುತ್ತದೆ. ಆಗ ಗಂಟಲಗುಳಿಯಿಂದ ತೂಗುಬಿಟ್ಟ ದಾರ ಭಾರ ಹೊತ್ತ ಕಾಲಿನ ಹರಡಿನ (ಪಾದದ ಕೀಲಿನ) ಹತ್ತಿರ ಬೀಳಬೇಕು. ಇಲ್ಲದಿದ್ದರೆ ಆಕೃತಿ ಬೀಳುತ್ತಿರುವಂತೆ ಕಾಣುತ್ತದೆ. ಶೋಕದಲ್ಲಿ ಎದೆ ಕುಸಿದು ಭುಜಗಳು ಮುಂದಕ್ಕೆ ಬರುತ್ತವೆ, ತೋಳುಗಳು ಒಳಕ್ಕೆ ತಿರುಗುವುದರಿಂದ ಜೋತುಬಿದ್ದ ಕೈಗಳ ಹಿಂಬದಿ ನಮ್ಮ ಕಡೆಗೆ ಕಾಣುತ್ತದೆ. ಈ ಒಂದು ವಿವರವನ್ನು ಸರಿಯಾಗಿ ಹಿಡಿದರೆ ಕಣ್ಣೀರು ಬೇಕಾಗುವುದಿಲ್ಲ. ಭಯದಲ್ಲಿ ಭಾರ ಹಿಂದಿನ ಕಾಲಿಗೆ ಸರಿಯುತ್ತದೆ. ಕೋಪದಲ್ಲಿ ಮುಂದಿನ ಕಾಲಿಗೆ. ಸಂತೋಷದಲ್ಲಿ ಎದೆ ಎತ್ತರಿಸಿ, ತೋಳಿಗೂ ಪಕ್ಕೆಗೂ ನಡುವೆ ಬೆಳಕು ಹಾಯುವಷ್ಟು ತೆರಪು ಬಿಡಿ.

ನಮ್ಮ ಕೈ ಓರೆಯನ್ನೆಲ್ಲ ತಿಳಿಯದೆಯೇ ನೇರಗೊಳಿಸುವುದರಿಂದ, ಕಂಡದ್ದಕ್ಕಿಂತ ತುಸು ಹೆಚ್ಚೇ ಬಾಗಿಸಿ. ಫೋಟೊದ ಮೇಲೆ ಹಾಳೆಯಿಟ್ಟು ಅಂಚನ್ನು ನಕಲಿಳಿಸುವ ಒಳದಾರಿ ಹಿಡಿದರೆ ಈ ತಿಳಿವಳಿಕೆ ಎಂದಿಗೂ ಬರುವುದಿಲ್ಲ. ಅಂಚು ಸಿಗುತ್ತದೆ, ಭಾರ ಸಿಗುವುದಿಲ್ಲ.

ಮುಂದಿನ ಕೆಲಸ ಸುಲಭ: ಎದೆ ಮತ್ತು ಸೊಂಟವನ್ನು ಎರಡು ಗಟ್ಟಿ ಆಕಾರಗಳಾಗಿ ತುಂಬಿ, ಕೈಕಾಲು ಸೇರಿಸಿ, ನೆರಳು ಕೊಡಿ. ನಿಂತ ದೇಹಕ್ಕೆ ಸುಮಾರು ಏಳೂವರೆ ತಲೆಗಳ ಎತ್ತರವೆಂಬ ಲೆಕ್ಕವನ್ನು ಬಾಗಿದ ದೇಹದ ಮೇಲೆ ಹೇರಬೇಡಿ.

ಮುಖಕ್ಕೆ ಕಟ್ಟಕಡೆಗೆ ಮೂರ್ನಾಲ್ಕು ಗೆರೆಗಳು ಸಾಕು. ಬಳಿಕ ಅದನ್ನು ಅಂಗೈಯಿಂದ ಮುಚ್ಚಿ ನೋಡಿ. ಭಾವ ಉಳಿದಿಲ್ಲವೆಂದರೆ ತಿದ್ದಲು ಹೋಗದೆ ಹೊಸ ಹಾಳೆಯಲ್ಲಿ ಮೊದಲ ಗೆರೆಯಿಂದ ಮತ್ತೆ ಆರಂಭಿಸಿ.