ಅಡಿಬರಹ ಮುಚ್ಚಿಟ್ಟು ಚಿತ್ರ ನೋಡುವುದು

ಹಳೆಯ ಫೋಟೊಗಳನ್ನು ಗುರುತಿಸಿ ಅಡಿಬರಹ ಬರೆಯುವ ಕೆಲಸ ನನ್ನದು. ನಾಯಕರ ಸಭೆಗಳು, ಪ್ರಯಾಣಿಕರನ್ನು ಹೊತ್ತ ವಾಯುನೌಕೆಗಳು, ಪುರಾತನ ಬಂದರುಗಳ ಅವಶೇಷ: ನನ್ನ ಮೇಜಿಗೆ ಹೆಚ್ಚಾಗಿ ಬರುವುದು ಇವೇ. ಮೊದಮೊದಲು ಹಿಂಬದಿಯಲ್ಲಿ ಬರೆದದ್ದನ್ನು ಓದಿಕೊಂಡು ಆಮೇಲೆ ಚಿತ್ರ ನೋಡುತ್ತಿದ್ದೆ. ಆ ಅಭ್ಯಾಸ ಬಿಡಿಸಿದ್ದು ಒಂದು ಜೆಪ್ಪೆಲಿನ್‌ನ, ಅಂದರೆ ಜರ್ಮನಿಯ ದೈತ್ಯ ವಾಯುನೌಕೆಯ, ಚಿತ್ರ.

ಅದರ ಹಿಂದೆ ‘ಹಿಂಡೆನ್‌ಬರ್ಗ್, 1936’ ಎಂದಿತ್ತು. ನಂಬಿ ಹಾಗೇ ದಾಖಲಿಸಿದೆ. ತಿಂಗಳ ನಂತರ ಭೂತಗನ್ನಡಿ ಹಿಡಿದಾಗ ಮೂತಿಯ ಕೆಳಗೆ ಇಳಿಬಿದ್ದ ಉದ್ದನೆಯ ಕೋಣೆ (ಗೊಂಡೋಲಾ), ಅದರ ತುಂಬ ಕಿಟಕಿಗಳ ಸಾಲು ಕಂಡಿತು. ಎದೆ ಧಸಕ್ಕೆಂದಿತು. ಹಿಂಡೆನ್‌ಬರ್ಗ್‌ನಲ್ಲಿ ಪ್ರಯಾಣಿಕರು ಇರುತ್ತಿದ್ದದ್ದು ಒಡಲಿನ ಒಳಗೇ. ಹೊರಗೆ ಇಳಿಬಿದ್ದಿದ್ದು ಚಾಲಕರ ಪುಟ್ಟ ಕೋಣೆ ಮಾತ್ರ. ನನ್ನ ಕೈಲಿದ್ದದ್ದು 1928ರಲ್ಲಿ ಮೊದಲು ಹಾರಿದ ಗ್ರಾಫ್ ಜೆಪ್ಪೆಲಿನ್. ಎಂಜಿನ್ ಎಣಿಸಿದ್ದರೂ ತಿಳಿಯುತ್ತಿತ್ತು: ಇದಕ್ಕೆ ಐದು, ಹಿಂಡೆನ್‌ಬರ್ಗ್‌ಗೆ ನಾಲ್ಕು. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಹೊತ್ತಿ ಉರಿದ ಮೇಲೆ ಹಿಂಡೆನ್‌ಬರ್ಗ್ ಹೆಸರೇ ಎಲ್ಲರ ಬಾಯಲ್ಲಿ ನಿಂತಿತು. ಬೇರೆ ನೌಕೆಗಳ ಚಿತ್ರಕ್ಕೂ ಆ ಹೆಸರು ಅಂಟಿಕೊಂಡದ್ದನ್ನು ಆಮೇಲೂ ನೋಡಿದ್ದೇನೆ.

ವರ್ಷ ಹಿಡಿಯಲು ಈಗ ಬಾಲದ ರೆಕ್ಕೆ ನೋಡುತ್ತೇನೆ. ಆ ಚಿತ್ರದಲ್ಲಿ ರೆಕ್ಕೆ ಖಾಲಿ, ಅಂದರೆ ನಾತ್ಸಿಗಳು ಅಧಿಕಾರಕ್ಕೆ ಬರುವ ಮೊದಲಿನದು. 1933ರಲ್ಲಿ ಎಡಮಗ್ಗುಲಿಗೆ ಸ್ವಸ್ತಿಕ, ಬಲಮಗ್ಗುಲಿಗೆ ಕಪ್ಪು-ಬಿಳಿ-ಕೆಂಪು ಪಟ್ಟೆ ಬಳಿದರು. ಆ ವರ್ಷ ಗ್ರಾಫ್ ಜೆಪ್ಪೆಲಿನ್‌ನ ಕಪ್ತಾನ ಹ್ಯೂಗೊ ಎಕೆನರ್ ಚಿಕಾಗೊವನ್ನು ಪ್ರದಕ್ಷಿಣೆಯಂತೆ ಬಲಕ್ಕೇ ಸುತ್ತಿದ್ದರಿಂದ ಊರಿನವರಿಗೆ ಕಂಡದ್ದು ಪಟ್ಟೆಯ ಬದಿ. ಹಿಂಡೆನ್‌ಬರ್ಗ್ ಹಾರುವ ಹೊತ್ತಿಗೆ ಎರಡೂ ಬದಿಗೆ ಸ್ವಸ್ತಿಕವೇ. ಹಾಗಾಗಿ ಮೂತಿ ಯಾವ ಕಡೆಗಿದೆ ಎಂದು ಮೊದಲು ಗುರುತು ಹಾಕಿಕೊಳ್ಳುತ್ತೇನೆ: ಮೂತಿ ಎಡಕ್ಕಿದ್ದರೆ ನಮಗೆ ಕಾಣುವುದು ನೌಕೆಯ ಎಡಮಗ್ಗುಲು.

ಇಷ್ಟೆಲ್ಲ ಲೆಕ್ಕವೂ ನೆಗೆಟಿವ್ ತಿರುವುಮುರುವಾಗಿದ್ದರೆ ಕೆಡುತ್ತದೆ. ಗಾಜಿನ ನೆಗೆಟಿವ್‌ನಲ್ಲಿ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಮಂಕು. ರಾಸಾಯನಿಕದ ಲೇಪ ಇರುವುದು ಮಂಕು ಬದಿಯಲ್ಲಿ. ಆತುರದಲ್ಲಿ ಮಗುಚಿಟ್ಟು ಅಚ್ಚು ತೆಗೆದರೆ ಎಡ-ಬಲ ಅದಲುಬದಲು. ಉತ್ತರ ಆಫ್ರಿಕದ ಪುರಾತನ ನಗರ ಕಾರ್ಥೇಜಿನ ಬಂದರಿನ ಒಂದು ಅಚ್ಚು ನನ್ನನ್ನು ಎರಡು ದಿನ ಕಾಡಿತು. ಅಲ್ಲಿ ಯುದ್ಧನೌಕೆಗಳ ದುಂಡು ಕೊಳ ಉತ್ತರಕ್ಕೆ, ನಡುವೆ ಒಂದು ನಡುಗಡ್ಡೆ. ವ್ಯಾಪಾರದ ಉದ್ದನೆಯ ಕೊಳ ದಕ್ಷಿಣಕ್ಕೆ. ನೆಲದ ಕಡೆಯಿಂದ ಪೂರ್ವದ ಸಮುದ್ರಕ್ಕೆ ಮುಖ ಮಾಡಿ ನಿಂತರೆ ನಡುಗಡ್ಡೆಯ ಕೊಳ ಎಡಕ್ಕೇ ಇರಬೇಕು. ನನ್ನ ಅಚ್ಚಿನಲ್ಲಿ ಬಲಕ್ಕಿತ್ತು. ಬೇರೆ ಬಂದರಿರಬಹುದೇ ಎಂದು ಎಷ್ಟೋ ನಕ್ಷೆ ತಿರುವಿದೆ. ಕೊನೆಗೆ ಪರದೆಯ ಮೇಲೆ ಚಿತ್ರವನ್ನು ಮಗುಚಿದಾಗ ಎಲ್ಲ ತನ್ನ ಜಾಗಕ್ಕೆ ಬಂದು ಕೂತಿತು.

ನಾಯಕರ ಚಿತ್ರಗಳಲ್ಲಿ ಮಗುಚಿದ್ದನ್ನು ಹಿಡಿಯುವುದು ಸುಲಭ. ಗಂಡಸರ ಕೋಟಿನ ಎದೆಜೇಬು ಎಡಕ್ಕಿರುತ್ತದೆ, ಅಷ್ಟೇ. ಅಲ್ಲಿನ ಕಷ್ಟ ಬೇರೆ. 1920ರ ಮೇ 5ರಂದು ಮಾಸ್ಕೊದಲ್ಲಿ ಲೆನಿನ್ ಭಾಷಣ ಮಾಡುವಾಗ ವೇದಿಕೆಯ ಮೆಟ್ಟಿಲ ಮೇಲೆ ಅವರದೇ ಪಕ್ಷದ ನಾಯಕರಾದ ಟ್ರಾಟ್ಸ್ಕಿ, ಕಾಮೆನೆವ್ ನಿಂತಿದ್ದರು. ಅವರು ಅಧಿಕಾರ ಕಳೆದುಕೊಂಡ ಮೇಲೆ ಹಂಚಿದ ಪ್ರತಿಗಳಲ್ಲಿ ಅವರಿಬ್ಬರೂ ಇಲ್ಲ. ಇಂಥ ತಿದ್ದುಪಡಿ ನೋಡಲು ಕೋಣೆ ಕತ್ತಲು ಮಾಡಿ, ಅಚ್ಚಿನ ಪಕ್ಕದಿಂದ ಓರೆಯಾಗಿ ದೀಪ ಹಿಡಿಯುತ್ತೇನೆ. ಕುಂಚ ಆಡಿದ ಜಾಗದ ಮಿರುಗು ಬೇರೆ ಇರುತ್ತದೆ.

ತಿದ್ದಿದ ಪ್ರತಿ ಸಿಕ್ಕರೆ ಅದನ್ನು ಎಸೆಯಬಾರದು, ಸರಿಪಡಿಸಲೂಬಾರದು ಎಂಬುದು ನನ್ನ ಗಟ್ಟಿ ನಿಲುವು. ಅಳಿಸಿದ್ದೂ ಚರಿತ್ರೆಯೇ. ಹೋದ ಸಲ ಒಂದು ಗುಂಪುಚಿತ್ರಕ್ಕೆ ಹೀಗೆ ದೀಪ ಹಿಡಿದಾಗ, ಒಬ್ಬ ನಾಯಕರ ಹೆಗಲ ಮೇಲೆ ಇನ್ಯಾರದೋ ನಾಲ್ಕು ಬೆರಳು ಕಂಡವು. ಕೈ ಇಲ್ಲ, ಆಳೂ ಇಲ್ಲ, ಅಲ್ಲಿ ಬೂದು ಬಣ್ಣದ ಗೋಡೆ. ಇದ್ದವರ ಹೆಸರುಗಳನ್ನೆಲ್ಲ ಬರೆದು ಕೊನೆಗೆ ಸೇರಿಸಿದೆ: ‘ಎಡತುದಿಯಲ್ಲಿದ್ದ ಒಬ್ಬರನ್ನು ಅಳಿಸಲಾಗಿದೆ, ಬೆರಳುಗಳು ಉಳಿದಿವೆ.’