ಜಾತಿ ಗೊತ್ತಿಲ್ಲದ ಪುಟ್ಟ ನಾಯಿ: ನಮ್ಮ ಮಲ್ಲಿಯನ್ನು ನಾನು ನೋಡಿಕೊಳ್ಳುವ ರೀತಿ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮಲ್ಲಿಯನ್ನು ನೋಡಿದವರೆಲ್ಲ ಕೇಳುವುದು ಒಂದೇ, ಇದು ಯಾವ ಜಾತಿ ಅಂತ. ತಾಯಿ ಪಾಮೇರಿಯನ್ ಅಂತ ಹೇಳಿ ಕೊಟ್ಟಿದ್ದರು. ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಇಂಡಿಯನ್ ಸ್ಪಿಟ್ಜ್. ತಂದೆ ಯಾರೋ ಗೊತ್ತಿಲ್ಲ. ಮುಧೋಳ ನಾಯಿ ತಂದವರಿಗೆ ಅದು ಎಷ್ಟೆತ್ತರ ಬೆಳೆಯುತ್ತದೆ, ಎಷ್ಟು ಓಡಿಸಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ. ಮಿಶ್ರ ತಳಿಯ ಮರಿ ತಂದವರಿಗೆ ಆ ಅನುಕೂಲ ಇಲ್ಲ. ಹಾಗಾಗಿ ನಾನು ಜಾತಿ ವಿಚಾರ ಬಿಟ್ಟು ಅವಳ ಮೈ ನೋಡಿ ಕಲಿತೆ.

ಕ್ರಾಸ್ ನಾಯಿಗೆ ರೋಗ ಬರಲ್ಲ ಅನ್ನುವ ಮಾತು ನಂಬಬೇಡಿ. ಮರಿಗಳ ಜೀವಕ್ಕೇ ಕುತ್ತು ತರುವ ವಾಂತಿ–ಭೇದಿ ರೋಗ ಪಾರ್ವೊ, ಅದು ಜಾತಿ ಕೇಳಿಕೊಂಡು ಬರುವುದಿಲ್ಲ. ಮರಿಗೆ 6ರಿಂದ 8 ವಾರ ಆದಾಗ ಲಸಿಕೆ ಶುರು ಮಾಡಿ, 16 ವಾರದವರೆಗೆ 3–4 ವಾರಕ್ಕೊಮ್ಮೆ ಹಾಕಿಸಬೇಕು. ಮೂರು ತಿಂಗಳಿಗೆ ರೇಬೀಸ್, ಆಮೇಲೆ ವರ್ಷಕ್ಕೊಮ್ಮೆ. ಇದರಲ್ಲಿ ನಾನು ಯಾರ ಮಾತಿಗೂ ಸಡಿಲ ಬಿಟ್ಟಿಲ್ಲ.

ಮಲ್ಲಿ ಈಗ 6 ಕೆಜಿ. ಇಷ್ಟು ಚಿಕ್ಕ ನಾಯಿಗೆ ಊಟವೇ ದೊಡ್ಡ ವಿಷಯ. ಸಂತಾನಹರಣ ಆಪರೇಷನ್ ಆದ 6 ಕೆಜಿ ನಾಯಿಗೆ ದಿನಕ್ಕೆ ಸುಮಾರು 400 ಕ್ಯಾಲೊರಿ ಸಾಕು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲೇ ಸುಮಾರು 170 ಕ್ಯಾಲೊರಿ ಇರುತ್ತದೆ. ಬೆಳಿಗ್ಗೆ ಅಜ್ಜಿ ಒಂದು ರೊಟ್ಟಿ, ಮಧ್ಯಾಹ್ನ ಮಕ್ಕಳು ಇನ್ನೊಂದು, ಸಂಜೆ ಬಂದ ಅತಿಥಿ ಪ್ರೀತಿಯಿಂದ ಒಂದು ತುಂಡು ಪೇಡಾ ಹಾಕಿದರೆ ಅವಳ ಇಡೀ ದಿನದ ಊಟ ಮುಗಿದೇ ಹೋಯಿತು, ಆದರೆ ಬೇಕಾದ ಮಾಂಸ–ಮೊಟ್ಟೆಯ ಪ್ರೋಟೀನ್ ಮಾತ್ರ ಸಿಕ್ಕಿರುವುದಿಲ್ಲ, ಅಲ್ವಾ? ನಮ್ಮ ಮನೆಯಲ್ಲಿ ಅವಳಿಗೆ ಅರ್ಧ ರೊಟ್ಟಿ ಮಾತ್ರ. ಉಳಿದಿದ್ದು ಅಳತೆ ಮಾಡಿದ ಡಾಗ್ ಫುಡ್, ಬೇಯಿಸಿದ ಚಿಕನ್ ಅಥವಾ ಮೊಟ್ಟೆ.

ಕೆಲವು ತಿನಿಸು ಸ್ವಲ್ಪವೂ ಕೊಡಬಾರದು. ಗಿರ್ಮಿಟ್ ತಿನ್ನುವಾಗ ಉಳ್ಳಾಗಡ್ಡಿ ಕೆಳಗೆ ಬೀಳುತ್ತದೆ, ಅದು ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತದೆ. ಪಂಚಮಿ ಬಂದರೆ ಮನೆ ತುಂಬ ಉಂಡಿ. ರವೆ ಉಂಡಿಯಲ್ಲಿನ ಒಣದ್ರಾಕ್ಷಿ ನಾಯಿಯ ಕಿಡ್ನಿಗೇ ಪೆಟ್ಟು ಕೊಡಬಹುದು. ಆ ವಾರ ಡಬ್ಬಿಗಳೆಲ್ಲ ಮೇಲಿನ ಕಪಾಟಿಗೆ ಹೋಗುತ್ತವೆ.

ಚಿಕ್ಕ ನಾಯಿಗಳ ಹಲ್ಲು ಬೇಗ ಕೆಡುತ್ತವೆ, ಸಣ್ಣ ಬಾಯಲ್ಲಿ 42 ಹಲ್ಲು ಒತ್ತೊತ್ತಾಗಿ ಕೂರಬೇಕಲ್ಲ. ಮಲ್ಲಿಯ ಎರಡು ಹಾಲು ಕೋರೆಹಲ್ಲು ಬಿದ್ದಿರಲೇ ಇಲ್ಲ. ಸಂತಾನಹರಣ ಆಪರೇಷನ್ ಮಾಡುವಾಗಲೇ ಡಾಕ್ಟರು ಅವನ್ನೂ ತೆಗೆದರು. ಈಗ ರಾತ್ರಿ ನಾಯಿಯ ಪೇಸ್ಟ್‌ನಿಂದ ಬ್ರಷ್ ಮಾಡುತ್ತೇನೆ, ನಮ್ಮ ಪೇಸ್ಟ್ ಅವುಗಳಿಗೆ ಆಗುವುದಿಲ್ಲ. ಕುತ್ತಿಗೆಗೆ ಬೆಲ್ಟ್ ಕಟ್ಟಿ ಎಳೆಯುವುದಿಲ್ಲ, ಎದೆಗೆ ಹಾಕುವ ಹಾರ್ನೆಸ್ ಬಳಸುತ್ತೇನೆ. ಚಿಕ್ಕ ನಾಯಿಗಳ ಶ್ವಾಸನಾಳ ಬಹಳ ಮೆತ್ತಗೆ. ಓಡುತ್ತಾ ಓಡುತ್ತಾ ಒಂದು ಹಿಂಗಾಲು ಎತ್ತಿ ಕುಂಟಿ ಮತ್ತೆ ಸರಿಯಾಗಿ ಓಡಿದರೆ ಅದು ಆಟ ಅಂದುಕೊಳ್ಳಬೇಡಿ, ಮೊಣಕಾಲಿನ ಚಿಪ್ಪು ಜಾರುತ್ತಿರಬಹುದು. ತೋರಿಸಿ.

ಕೂದಲು ಎರಡು ಪದರ. ಏಪ್ರಿಲ್ ಬಿಸಿಲಿಗೆ ಬೋಳಿಸಿಬಿಡಿ ಅಂದವರು ಬಹಳ ಜನ. ನಾನು ಬೋಳಿಸಲಿಲ್ಲ, ಆ ಕೂದಲೇ ಚರ್ಮವನ್ನು ಬಿಸಿಲಿನಿಂದ ಕಾಪಾಡುತ್ತದೆ. ಬಾಚಿ ಸತ್ತ ಕೂದಲು ತೆಗೆದರೆ ಸಾಕು. ಮಳೆಗಾಲದಲ್ಲಿ ಕಷ್ಟ ಬೇರೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೇಲಿನ ಕೂದಲು ಒಣಗಿದಂತೆ ಕಂಡರೂ ಒಳಗೆ ತೇವ ಉಳಿದು ಚರ್ಮ ಹುಣ್ಣಾಗುತ್ತದೆ. ಟವೆಲ್‌ನಿಂದ ಬುಡದವರೆಗೆ ಒರೆಸಬೇಕು, ಬೆರಳ ಸಂದಿಯಲ್ಲಿ ಕೂತ ಎರೆಮಣ್ಣನ್ನು ತೊಳೆಯಬೇಕು.

ನನಗೆ ಅತಿ ಹೆಚ್ಚು ಭಯ ಇರುವುದು ಉಣ್ಣಿಯದ್ದು. ಅದು ನಾಯಿಯ ಮೈಮೇಲೆ ಇರುವುದು ಸ್ವಲ್ಪ ದಿನ. ಬಾಕಿ ಕಾಲವೆಲ್ಲ ಗೋಡೆ ಬಿರುಕಿನಲ್ಲಿ, ಹಾಸಿಗೆ ಕೆಳಗೆ, ಕಿಟಕಿ ಸಂದಿನಲ್ಲಿ. ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೇ ನಾಯಿಗೆ ಮಾತ್ರ ಔಷಧಿ ಹಾಕಿ ಸುಮ್ನೆ ಕೂತರೆ ಉಪಯೋಗ ಇಲ್ಲ. ನಾವು ಹಳೇ ಕಲ್ಲಿನ ಗೋಡೆಯ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಿದೆವು, ಅವಳ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುತ್ತೇವೆ. ಡಾಕ್ಟರು ತೂಕ ನೋಡಿ ಬರೆದ ಮಾತ್ರೆ ತಪ್ಪಿಸುವುದಿಲ್ಲ. ಸಿಕ್ಕ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಬೇಡ, ದನಕ್ಕೆ ಹಚ್ಚುವ ಔಷಧಿಯನ್ನು ಅಂದಾಜಿನಲ್ಲಿ ಹಚ್ಚುವುದಂತೂ ಬೇಡವೇ ಬೇಡ, 6 ಕೆಜಿ ಮೈಗೆ ಅದು ವಿಷವಾದೀತು.

ಉಣ್ಣಿ ಜ್ವರ ಬಂದರೆ ಊಟ ಬಿಡುತ್ತವೆ, ಒಸಡು ಬಿಳಚುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತದೆ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ ನಾನು ಕಾಯುವುದಿಲ್ಲ, ರಕ್ತ ಪರೀಕ್ಷೆಗೆ ಹೋಗುತ್ತೇನೆ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ.

ಇನ್ನು ಹೋಳಿ. ಓಣಿಯಲ್ಲಿ ಹಲಗಿ ಶುರುವಾದರೆ ಮಲ್ಲಿ ನಡುಗುತ್ತಾಳೆ. ಹಬ್ಬಕ್ಕೆ ಮೊದಲೇ ಒಳಗಿನ ಕೋಣೆಯಲ್ಲಿ ಅವಳ ಹಾಸಿಗೆ ಹಾಕಿ, ಫ್ಯಾನ್ ಜೋರಾಗಿ ಬಿಟ್ಟು, ಯಾರಾದರೂ ಒಬ್ಬರು ಜೊತೆಗೆ ಕೂರುತ್ತೇವೆ. ಬಣ್ಣದಾಟ ಮುಗಿದ ಮೇಲೂ ಎರಡು ದಿನ ರಸ್ತೆಯ ಪುಡಿ ಅವಳ ಪಾದಕ್ಕೆ ಹತ್ತುತ್ತದೆ. ನೆಕ್ಕುವ ಮೊದಲೇ, ಬಾಗಿಲಲ್ಲೇ ಕಾಲು ತೊಳೆದು ಒಳಗೆ ಬಿಡುತ್ತೇನೆ.